ಸಹಾಯ ಬೇಕು: ಸೆಕ್ಯುರಿಟಿ ಟೀಮ್ ನಡೆಸಿ ಗೊತ್ತಿರುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅಪ್ಲಿಕೇಶನ್ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದೇನೆ. ಮುಂದಿನ ತಿಂಗಳಿಂದ ನಾಲ್ಕು ಜನರ ಟೀಮನ್ನು ನಾನೇ ನೋಡಿಕೊಳ್ಳಬೇಕಂತೆ. ಬಗ್ ಹುಡುಕುವುದು ಗೊತ್ತು ಮಾರಾಯ್ರೆ, ಜನರನ್ನು ನಡೆಸುವುದು ಬೇರೆಯೇ ವಿದ್ಯೆ ಅಲ್ವಾ?

ಜಾಸ್ತಿ ತಲೆನೋವು ಡೆವಲಪರ್‌ಗಳ ಜೊತೆಗಿನ ಹಗ್ಗಜಗ್ಗಾಟದ್ದು. ಬಿಲ್ ತೋರಿಸುವ ಪುಟದ ಲಿಂಕ್‌ನಲ್ಲಿ ಒಂದು ನಂಬರ್ ಬದಲಿಸಿದರೆ ಬೇರೆ ಗ್ರಾಹಕರ ಬಿಲ್ ತೆರೆದುಕೊಳ್ಳುತ್ತದೆ ಅಂದುಕೊಳ್ಳಿ. ಸಾಫ್ಟ್‌ವೇರ್ ಸುರಕ್ಷತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆಯ 2021ರ ಟಾಪ್ 10 ವೆಬ್ ದೋಷಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇಂಥದ್ದಕ್ಕೇ, ಬ್ರೋಕನ್ ಆಕ್ಸೆಸ್ ಕಂಟ್ರೋಲ್. ಆದರೂ 'ಮೊದಲು ರಿಲೀಸ್ ಆಗಲಿ, ಆಮೇಲೆ ನೋಡುವ' ಅನ್ನುತ್ತಾರೆ. ಡಿಸೈನ್ ಮಾಡುವಾಗಲೇ ಒಟ್ಟಿಗೆ ಕೂತು ಥ್ರೆಟ್ ಮಾಡೆಲಿಂಗ್ (ಎಲ್ಲೆಲ್ಲಿ ದಾಳಿ ಆಗಬಹುದು ಎಂದು ಮೊದಲೇ ಯೋಚಿಸುವುದು) ಮಾಡಿದರೆ ಅರ್ಧ ಜಗಳ ಮುಗಿಯುತ್ತದೆ ಎಂದು ನನ್ನ ಲೆಕ್ಕ. ಆದರೆ ಅವರನ್ನು ಕೂರಿಸುವುದು ಹೇಗೆ? ನಿಮ್ಮಲ್ಲಿ ಏನು ಮಾಡಿದ್ದೀರಿ?

ಸೆಕ್ಯುರಿಟಿ ಸರ್ಟಿಫಿಕೇಟ್ ಪರೀಕ್ಷೆಯ ವಿಷಯವೂ ಉಂಟು. ಹ್ಯಾಕಿಂಗ್ ಕೌಶಲ ನೋಡುವ ಒಎಸ್‌ಸಿಪಿ ಅಂದರೆ ಹೆಚ್ಚುಕಮ್ಮಿ ಇಡೀ ದಿನದ ಪ್ರಾಕ್ಟಿಕಲ್. ಸೆಕ್ಯುರಿಟಿಯ ಒಟ್ಟಾರೆ ನಿರ್ವಹಣೆ ನೋಡುವ ಸಿಐಎಸ್‌ಎಸ್‌ಪಿಗೆ 5 ವರ್ಷದ ಅನುಭವ ಕೇಳುತ್ತಾರೆ, ಅದು ನನಗಿದೆ. ಲೀಡ್ ಆಗುವವರಿಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಸುಮ್ನೆ ದುಡ್ಡು ಸುರಿಯುವ ಮೊದಲು ಬರೆದವರ ಮಾತು ಕೇಳಬೇಕು.

ಕೊನೆಯದಾಗಿ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿಯಮದ ಪ್ರಕಾರ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ನಾಲ್ಕೇ ಜನ ಇಟ್ಟುಕೊಂಡು ರಾತ್ರಿ, ಭಾನುವಾರದ ಡ್ಯೂಟಿ ಹೇಗೆ ಹಂಚುತ್ತೀರಿ?

ಇಲ್ಲೇ ಬರೆಯಿರಿ, ಬೇರೆಯವರಿಗೂ ಉಪಯೋಗ ಆದೀತು. ಉಡುಪಿ, ಮಣಿಪಾಲದ ಕಡೆಯವರಾದರೆ ರಜೆಯ ದಿನ ನಾನೇ ಬರುತ್ತೇನೆ, ಚಹಾ ನನ್ನ ಲೆಕ್ಕದಲ್ಲಿ.