ನಾಗರಿಕ ಶಿಕ್ಷಣ ಪ್ರಮಾಣಪತ್ರ: ಶಾಲೆಯ ಸಿಬ್ಬಂದಿಗೆ ತರಬೇತಿ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯಲ್ಲಿ ಮುಂದಿನ ವರ್ಷದಿಂದ ಮಕ್ಕಳಿಗೆ ನಾಗರಿಕ ಶಿಕ್ಷಣದ ಪ್ರಮಾಣಪತ್ರ ಕೊಡಬೇಕು ಅಂತ ತೀರ್ಮಾನ ಆಗಿದೆ. ಇದು ಬರೀ ಪೌರನೀತಿ ಪರೀಕ್ಷೆ ಅಲ್ಲ. ಮಕ್ಕಳು ಸುತ್ತಮುತ್ತಲಿನ ಒಂದು ಸಮಸ್ಯೆ ಆರಿಸಿಕೊಂಡು, ಅದರ ಬಗ್ಗೆ ವಿಚಾರಿಸಿ, ಕೈಲಾದದ್ದು ಮಾಡಿ, ಆಮೇಲೆ ಏನು ಕಲಿತೆವು ಅಂತ ಬರೆಯಬೇಕು. ಅರ್ಹರಾದವರ ಅಂಕಪಟ್ಟಿಯ ಮೇಲೆ ಒಂದು ಮುದ್ರೆ ಬೀಳುತ್ತದೆ.

ಸಿಬ್ಬಂದಿಗೆ ತರಬೇತಿ ಕೊಡುವ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. ಶಾಲೆ ಶುರುವಾಗುವ ಮುಂಚೆ ಒಂದು ದಿನ ಪೂರ್ತಿ ಸಿಗುತ್ತದೆ, ಆಮೇಲೆ ತಿಂಗಳಿಗೊಮ್ಮೆ ಒಂದು ಗಂಟೆ. ಸ್ಟಾಫ್ ರೂಮಿನಲ್ಲಿ ಈಗಾಗಲೇ ಮಾತು ಶುರುವಾಗಿದೆ. "ಇದು ಸಮಾಜ ವಿಜ್ಞಾನದವರ ಕೆಲಸ, ನಮಗ್ಯಾಕೆ" ಅಂತ ಕೆಲವರು. "ರಾಜಕೀಯ ನುಸುಳಿದರೆ ಪೋಷಕರಿಗೆ ಯಾರು ಉತ್ತರ ಕೊಡುತ್ತಾರೆ" ಅಂತ ಇನ್ನು ಕೆಲವರು. ಎರಡೂ ನ್ಯಾಯವಾದ ಮಾತೇ. ನನ್ನ ದೊಡ್ಡ ಆತಂಕ ಬೇರೆ. ಪ್ರತಿ ವರ್ಷ ಎಲ್ಲ ಬಹುಮಾನ ತೆಗೆದುಕೊಳ್ಳುವ ಅದೇ ಮಕ್ಕಳಿಗೆ ಈ ಮುದ್ರೆಯೂ ಹೋಗಿ, ಹಿಂದಿನ ಬೆಂಚಿನವರು ಇದು ನಮಗಲ್ಲ ಅಂತ ಹೆಸರೇ ಕೊಡದೆ ಉಳಿದುಬಿಟ್ಟರೆ? ಇಂಥದ್ದನ್ನು ನಡೆಸಿದವರು ಇದ್ದರೆ, ಆ ಮೊದಲ ದಿನ ಏನು ಮಾಡಿಸಿದಿರಿ ಅಂತ ದಯವಿಟ್ಟು ಹೇಳಿ.

ಉತ್ತರ 1 (ಸಮಾಜ ವಿಜ್ಞಾನ ಶಿಕ್ಷಕಿ)

ಮೊದಲ ದಿನ ಉಪನ್ಯಾಸ ಬೇಡ, ಸ್ಲೈಡೂ ಬೇಡ. ಮಕ್ಕಳ ಬರಹ ಮುಂದಿಟ್ಟು ಎಲ್ಲರ ಕೈಲೂ ಮೌಲ್ಯಮಾಪನ ಮಾಡಿಸಿ. ಉಳಿದದ್ದೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ನಾವು ಹೆಸರು ಅಳಿಸಿದ ಎರಡು ಬರಹ ಇಟ್ಟುಕೊಂಡಿದ್ದೆವು. ಒಂದು ಕಸ ವಿಂಗಡಣೆಯ ಬಗ್ಗೆ, ಜೊತೆಗೆ ಬಣ್ಣದ ಪೋಸ್ಟರು. ಭಾಷೆ ಚೊಕ್ಕ, ಅಕ್ಷರ ದುಂಡು, ಸಾಲು ಸಾಲಿಗೂ "ನಾವು ಜಾಗೃತಿ ಮೂಡಿಸಿದೆವು". ಯಾರಲ್ಲಿ ಮೂಡಿಸಿದರು, ಅದರಿಂದ ಏನಾಯಿತು ಅನ್ನುವುದು ಎಲ್ಲೂ ಇಲ್ಲ. ಇನ್ನೊಂದು ಪೂರ್ತಿ ಒಂದು ಪುಟವೂ ಇರಲಿಲ್ಲ, ಕಾಗುಣಿತ ತಪ್ಪು ಬೇಕಾದಷ್ಟು. ಆ ಹುಡುಗ ತನ್ನ ಬೀದಿಯ ದೀಪ ಕೆಟ್ಟಿದೆ ಅಂತ ದೂರು ಕೊಡಲು ಹೋಗಿದ್ದ. ಮೊದಲು ಹೋದ ಕಡೆ "ಇದು ನಮಗೆ ಬರಲ್ಲ" ಅಂದರು. ಕಂಬ ನೋಡಿಕೊಳ್ಳುವವರು ಒಬ್ಬರು, ದೀಪ ನೋಡಿಕೊಳ್ಳುವವರು ಇನ್ನೊಬ್ಬರು ಅಂತ ಅವನಿಗೆ ಆಗ ಗೊತ್ತಾಯಿತು. ಕಂಬದ ನಂಬರು, ದೂರಿನ ಸಂಖ್ಯೆ, ತಾರೀಕು, ಯಾವ ಹುದ್ದೆಯವರು ಏನು ಹೇಳಿದರು, ಎಲ್ಲ ಬರೆದಿಟ್ಟಿದ್ದ. ದೀಪ ಮಾತ್ರ ಹತ್ತಲಿಲ್ಲ. ಕೊನೆಯಲ್ಲಿ "ಮುಂದಿನ ಸಲ ಅಕ್ಕಪಕ್ಕದ ಮನೆಯವರ ಸಹಿ ಹಾಕಿಸಿ ಒಂದೇ ಅರ್ಜಿ ಕೊಡುತ್ತೇನೆ, ಒಬ್ಬನೇ ಹೋದರೆ ಆಗಲ್ಲ" ಅಂತ ಬರೆದಿದ್ದ.

ಪಕ್ಕದವರ ಜೊತೆ ಮಾತಾಡದೆ ಅಂಕ ಹಾಕಿ ಅಂದೆವು. ಹೆಚ್ಚಿನವರು ಪೋಸ್ಟರಿಗೇ ಜಾಸ್ತಿ ಹಾಕಿದರು. ಆಮೇಲೆ ಯಾಕೆ ಹಾಕಿದಿರಿ ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆವು. ಅಧಿಕಾರ ಯಾರ ಕೈಯಲ್ಲಿದೆ ಅಂತ ಹುಡುಕಿದವರು ಯಾರು? ಒಂದು ದಾರಿ ಮುಚ್ಚಿದಾಗ ಇನ್ನೊಂದು ಯೋಚಿಸಿದವರು ಯಾರು? ಅರ್ಧ ಗಂಟೆಯಲ್ಲಿ ಕೋಣೆಯ ಮಾತೇ ಬದಲಾಯಿತು. ನೀವು ಹೇಳಿದ ಹಿಂದಿನ ಬೆಂಚಿನ ಆತಂಕಕ್ಕೆ ಉತ್ತರ ಇಲ್ಲೇ ಇದೆ. ಸುಂದರ ಬರಹಕ್ಕೆ ಬಿದ್ದ ಅಂಕವನ್ನು ನಾಗರಿಕ ಕೆಲಸದ ಅಂಕ ಅಂತ ತಿಳಿಯುವ ಅಭ್ಯಾಸ ನಮ್ಮೆಲ್ಲರಲ್ಲೂ ಇರುತ್ತದೆ. ಅದನ್ನು ಬಿಡಿಸುವುದೇ ತರಬೇತಿ.

ಮಾನದಂಡಕ್ಕೆ ಮಾದರಿ ಬೇಕಿದ್ದರೆ ಅಮೆರಿಕದ ಕ್ಯಾಲಿಫೋರ್ನಿಯಾದ್ದು ನೋಡಿ. ಅಲ್ಲಿನ ಶಿಕ್ಷಣ ಮಂಡಳಿ 2020ರ ಸೆಪ್ಟೆಂಬರಿನಲ್ಲಿ ಇಂಥದ್ದೇ ಮುದ್ರೆಗೆ 5 ಮಾನದಂಡ ಒಪ್ಪಿಕೊಂಡಿತು. ಓದಿನಲ್ಲಿ ತೊಡಗಿರುವುದು, ಸಂವಿಧಾನ ಮತ್ತು ಸರ್ಕಾರ ನಡೆಯುವ ರೀತಿಯ ತಿಳಿವಳಿಕೆ, ನಿಜವಾದ ಸಮಸ್ಯೆಯ ಮೇಲೆ ಕನಿಷ್ಠ ಒಂದು ಯೋಜನೆ, ತನ್ನ ಕಲಿಕೆಯನ್ನು ತಾನೇ ಹಿಂತಿರುಗಿ ನೋಡುವುದು, ಸಮುದಾಯದ ಬಗ್ಗೆ ಕಾಳಜಿ ತೋರುವ ನಡತೆ. ಸಮಸ್ಯೆ ಬಗೆಹರಿದಿರಲೇಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲ, ಗಮನಿಸಿ. ದೀಪದ ಹುಡುಗನಿಗೂ ಮುದ್ರೆ ಸಿಗಬಹುದು.

ಉತ್ತರ 2 (ಇತಿಹಾಸ ಮೇಷ್ಟ್ರು)

ಮೇಡಂ ಹೇಳಿದ್ದು ಸರಿ. ನಾನು ರಾಜಕೀಯದ ಭಯದ ಬಗ್ಗೆ ಮಾತ್ರ ಹೇಳುತ್ತೇನೆ. ತರಬೇತಿಯಲ್ಲಿ ಇದನ್ನು ಮುಟ್ಟದೆ ಬಿಟ್ಟರೆ ಶಿಕ್ಷಕರು ಸುರಕ್ಷಿತ ವಿಷಯಗಳಿಗೆ ಅಂಟಿಕೊಳ್ಳುತ್ತಾರೆ. ಕೊನೆಗೆ ಎಲ್ಲ ಮಕ್ಕಳ ಯೋಜನೆಯೂ ಗಿಡ ನೆಡುವುದು, ಸ್ವಚ್ಛತೆ ಅಷ್ಟರಲ್ಲೇ ನಿಲ್ಲುತ್ತದೆ. ಅವು ಒಳ್ಳೆಯ ಕೆಲಸಗಳೇ, ಆದರೆ ಯಾರಿಗೂ ಭಿನ್ನಾಭಿಪ್ರಾಯ ಇಲ್ಲದ ಕಡೆ ನಾಗರಿಕನಿಗೆ ಬೇಕಾದ ಅರ್ಧ ಪಾಠ ಸಿಗುವುದೇ ಇಲ್ಲ.

ಜರ್ಮನಿಯಲ್ಲಿ ಇದೇ ಜಗಳ ಜೋರಾಗಿದ್ದಾಗ, 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಬೇರೆ ಬೇರೆ ರಾಜಕೀಯ ನಿಲುವಿನ ತಜ್ಞರು ಕೂತು ಚರ್ಚಿಸಿದರು. ಅಲ್ಲಿಂದ ಬಂದ 3 ಸೂತ್ರ ಇವತ್ತಿಗೂ ಅಲ್ಲಿ ನಡೆಯುತ್ತಿದೆ. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು. ಸಮಾಜದಲ್ಲಿ ವಿವಾದ ಇರುವ ವಿಷಯ ತರಗತಿಯಲ್ಲೂ ವಿವಾದವಾಗಿಯೇ ಬರಬೇಕು. ಮತ್ತು ವಿದ್ಯಾರ್ಥಿ ತನ್ನ ಹಿತ ಏನು ಅಂತ ತಾನೇ ಅಳೆದು ನೋಡಿ ಮುಂದಿನ ಹೆಜ್ಜೆ ಇಡಲು ಶಕ್ತನಾಗಬೇಕು. ಎರಡನೆಯದನ್ನು ಜನ ಮರೆಯುತ್ತಾರೆ. ಹೇರಬಾರದು ಅಂದರೆ ಬಾಯಿ ಮುಚ್ಚಿಕೊಂಡು ಕೂರಬೇಕು ಅಂತಲ್ಲ. ಒಂದೇ ಕಡೆಯ ವಾದ ಹೇಳಿ ಇನ್ನೊಂದನ್ನು ನುಂಗಿಬಿಡುವುದೂ ಹೇರಿಕೆಯೇ.

ಇದನ್ನು ಓದಿ ಹೇಳಿದರೆ ಸಾಲದು, ಅಭ್ಯಾಸ ಮಾಡಿಸಿ. ಇಬ್ಬಿಬ್ಬರನ್ನು ಕೂರಿಸಿ, ಒಬ್ಬರು ವಿದ್ಯಾರ್ಥಿಯಾಗಿ "ಸರ್, ನೀವು ಯಾರಿಗೆ ವೋಟ್ ಹಾಕ್ತೀರಾ?" ಅಂತ ಕೇಳಲಿ. ಜೊತೆಯವರು ಶಿಕ್ಷಕರಾಗಿ ಉತ್ತರಿಸಲಿ. ಆಮೇಲೆ ಇನ್ನೊಬ್ಬರು ಪೋಷಕರಾಗಿ ಫೋನ್ ಮಾಡಿ "ನನ್ನ ಮಗಳ ತಲೆಗೆ ಏನು ತುಂಬುತ್ತಿದ್ದೀರಿ?" ಅಂತ ಗದರಲಿ. ಮೊದಲ ಸಲ ಎಲ್ಲರೂ ತಡವರಿಸುತ್ತಾರೆ. ತರಗತಿಯಲ್ಲಿ ತಡವರಿಸುವುದಕ್ಕಿಂತ ಇಲ್ಲಿ ತಡವರಿಸಿದರೆ ಒಳ್ಳೆಯದು, ಅಲ್ವಾ? ಮುಖ್ಯ ಶಿಕ್ಷಕರು ಆ ಕೋಣೆಯಲ್ಲಿ ಕಡ್ಡಾಯವಾಗಿ ಇರಬೇಕು. ದೂರು ಬಂದಾಗ ಶಿಕ್ಷಕರ ಬೆನ್ನಿಗೆ ಶಾಲೆ ನಿಲ್ಲುತ್ತದೆ ಅನ್ನುವ ಭರವಸೆ ಅವರ ಬಾಯಿಂದಲೇ ಬರಬೇಕು. ಅದಿಲ್ಲದಿದ್ದರೆ ಯಾವ ತರಬೇತಿಯೂ ನಾಟುವುದಿಲ್ಲ.

ಉತ್ತರ 3

ನನಗೆ ಈ ಪ್ರಮಾಣಪತ್ರದ ಬಗ್ಗೆಯೇ ಅನುಮಾನ ಇದೆ. ಮುದ್ರೆ ಅಂತ ಒಂದು ಬಂದ ಕೂಡಲೇ ಮಕ್ಕಳು ಮುದ್ರೆಗೋಸ್ಕರ ಕೆಲಸ ಮಾಡುತ್ತಾರೆ, ಪೋಷಕರು ಮನೆಯಲ್ಲಿ ಯೋಜನೆ ಮಾಡಿಕೊಡುತ್ತಾರೆ, ಶಿಕ್ಷಕರು ಸಂಖ್ಯೆ ತೋರಿಸಲು ಎಲ್ಲರಿಗೂ ಟಿಕ್ ಹಾಕುತ್ತಾರೆ. ರೋಜರ್ ಹಾರ್ಟ್ ಅವರು 1992ರಲ್ಲಿ ಯುನಿಸೆಫ್‌ಗೆ ಬರೆದಾಗ ಮಕ್ಕಳ ಭಾಗವಹಿಸುವಿಕೆಯನ್ನು 8 ಮೆಟ್ಟಿಲಿನ ಏಣಿಯಲ್ಲಿ ತೋರಿಸಿದರು. ಕೆಳಗಿನ 3 ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ: ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಸೇರಿಸುವುದು. ದೊಡ್ಡವರು ಬರೆದುಕೊಟ್ಟ ಫಲಕ ಹಿಡಿದು ಮಕ್ಕಳು ಜಾಥಾ ಹೋದರೆ ಅದಕ್ಕೂ ಮುದ್ರೆ ಕೊಡುತ್ತೀರಾ?

ಉತ್ತರ 1 (ಸಮಾಜ ವಿಜ್ಞಾನ ಶಿಕ್ಷಕಿ)

ಕೊಡಬಾರದು. ಅದಕ್ಕೇ ಆ ಏಣಿಯನ್ನು ತರಬೇತಿಗೆ ತನ್ನಿ. ಶಾಲೆಯಲ್ಲಿ ಈಗಾಗಲೇ ನಡೆಯುವ ಕಾರ್ಯಕ್ರಮಗಳನ್ನು ಪಟ್ಟಿ ಮಾಡಿ, ಒಂದೊಂದು ಯಾವ ಮೆಟ್ಟಿಲಿನಲ್ಲಿದೆ ಅಂತ ಸಿಬ್ಬಂದಿಯೇ ಗುರುತಿಸಲಿ.

ನಿಮ್ಮ ಅನುಮಾನಕ್ಕೆ ಒಂದು ದಾರಿ ಇದೆ ಅಂತ ನನಗನಿಸುತ್ತದೆ. ಯೋಜನೆಯನ್ನು ಎಲ್ಲರಿಗೂ ತರಗತಿಯ ಒಳಗೇ ಮಾಡಿಸಿ, ಮುದ್ರೆಯನ್ನು ಅದರ ಮೇಲಿನ ಒಂದು ಹೆಜ್ಜೆಯಾಗಿ ಇಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ 2018ರ ಕಾಯ್ದೆ 8ನೇ ತರಗತಿಯಲ್ಲಿ ಒಂದು, ಹೈಸ್ಕೂಲಿನಲ್ಲಿ ಒಂದು, ವಿದ್ಯಾರ್ಥಿಗಳೇ ಮುನ್ನಡೆಸುವ, ಪಕ್ಷಾತೀತ ಯೋಜನೆ ಮಾಡುವ ಅವಕಾಶ ಪ್ರತಿ ವಿದ್ಯಾರ್ಥಿಗೂ ಇರಬೇಕು ಅನ್ನುತ್ತದೆ. ಶಾಲೆ ಬಿಟ್ಟ ಮೇಲೆ ಉಳಿಯಲಾಗದ ಮಕ್ಕಳು, ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದವರು, ಸಂಜೆ ಕೆಲಸಕ್ಕೆ ಹೋಗುವವರು, ಇವರೆಲ್ಲ ಹೊರಗುಳಿಯುವುದು ಹೆಸರು ಕೊಡುವ ಪದ್ಧತಿಯಿಂದಲೇ. ತರಗತಿಯಲ್ಲಿ ನಡೆದರೆ ಪೋಷಕರು ಮಾಡಿಕೊಡುವುದೂ ತಾನಾಗಿಯೇ ಕಮ್ಮಿಯಾಗುತ್ತದೆ.

ಉತ್ತರ 4 (ಗಣಿತ ಮೇಷ್ಟ್ರು)

"ನಮಗ್ಯಾಕೆ" ಅನ್ನುವವರ ಸಾಲಿನಲ್ಲಿ ನಾನೂ ಕೂತಿದ್ದವನು, ಅದಕ್ಕೆ ಬರೆಯುತ್ತಿದ್ದೇನೆ. ಇದು ಎಲ್ಲರ ಜವಾಬ್ದಾರಿ ಅಂತ ಭಾಷಣ ಮಾಡಿದರೆ ನಮ್ಮಂಥವರು ತಲೆಯಾಡಿಸಿ ಎದ್ದು ಹೋಗುತ್ತೇವೆ. ನಮ್ಮ ವಿಷಯದ ಕೆಲಸ ತೋರಿಸಿದರೆ ಕೂರುತ್ತೇವೆ. ಮಕ್ಕಳು ಶಾಲೆಯ ಮುಂದೆ ರಸ್ತೆ ದಾಟಲು ಜಾಗ ಬೇಕು ಅಂತ ಹೊರಟಿದ್ದರು. ಬೆಳಿಗ್ಗೆ ಅರ್ಧ ಗಂಟೆ ನಿಂತು ವಾಹನ ಎಣಿಸಿಕೊಂಡು ಬಂದು "ತುಂಬಾ ಓಡಾಡುತ್ತವೆ ಸರ್" ಅಂದರು. ಯಾವ ಹೊತ್ತು? ರಜೆಯ ದಿನ ಎಷ್ಟು? ಎರಡು ವಾಹನದ ನಡುವೆ ಎಷ್ಟು ಸೆಕೆಂಡ್ ಬಿಡುವು, ಚಿಕ್ಕ ಮಗು ದಾಟಲು ಎಷ್ಟು ಸೆಕೆಂಡ್ ಬೇಕು? ಕೊನೆಯ ಪ್ರಶ್ನೆ ಕೇಳಿದ ಮೇಲೆ ಅವರ ಅರ್ಜಿಯೇ ಬೇರೆಯಾಯಿತು. ಸರಾಸರಿ ಹೇಳಿದರೆ ಸಾಲದು, ಬಿಡುವುಗಳು ಹೇಗೆ ಹಂಚಿಹೋಗಿವೆ ಅಂತ ತೋರಿಸಬೇಕು ಅಂತ ಒಬ್ಬಳು ಹುಡುಗಿ ತಾನೇ ಹೇಳಿದಳು. ಸಂಖ್ಯಾಶಾಸ್ತ್ರದ ಅಧ್ಯಾಯ ಅವತ್ತು ಕಲಿತಷ್ಟು ಚೆನ್ನಾಗಿ ಬೇರೆ ಯಾವತ್ತೂ ಕಲಿತಿಲ್ಲ.

ಹಾಗಾಗಿ ತರಬೇತಿಯಲ್ಲಿ ಒಂದು ಯೋಜನೆ ಕೊಟ್ಟು, ನಿಮ್ಮ ವಿಷಯ ಇದರಲ್ಲಿ ಎಲ್ಲಿ ಬೇಕಾಗುತ್ತದೆ ಅಂತ ಪ್ರತಿ ವಿಭಾಗದವರನ್ನೂ ಕೇಳಿ. ವಿಜ್ಞಾನದವರು ನೀರಿನ ಪರೀಕ್ಷೆ ಅನ್ನುತ್ತಾರೆ, ಭಾಷೆಯವರು ಅರ್ಜಿ ಬರೆಯುವುದು ಅನ್ನುತ್ತಾರೆ. ಗ್ರಂಥಾಲಯದವರನ್ನು ಮಾತ್ರ ಮರೆಯಬೇಡಿ. ಸುದ್ದಿ ನಿಜವೋ ಸುಳ್ಳೋ ಅಂತ ಪರಿಶೀಲಿಸುವುದನ್ನು ಅವರಷ್ಟು ಚೆನ್ನಾಗಿ ಬೇರೆಯವರು ಹೇಳಿಕೊಡುವುದು ಕಷ್ಟ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ನನ್ನ ಕಾರ್ಯಕ್ರಮ ಪಟ್ಟಿಯಲ್ಲಿ ಬೆಳಿಗ್ಗೆಯೆಲ್ಲ ಉಪನ್ಯಾಸ ಇತ್ತು, ಅದನ್ನು ತೆಗೆದು ಬರಹಗಳ ಮೌಲ್ಯಮಾಪನ ಇಡುತ್ತೇನೆ. ಮಧ್ಯಾಹ್ನ ಏಣಿ, ಆಮೇಲೆ ಪೋಷಕರ ಫೋನ್ ಅಭ್ಯಾಸ. ಇನ್ನೊಂದು ಪ್ರಶ್ನೆ. ನಮ್ಮಲ್ಲಿ ಇನ್ನೂ ಮಕ್ಕಳ ಬರಹವೇ ಇಲ್ಲವಲ್ಲ, ಮೊದಲ ವರ್ಷ ಯಾವುದನ್ನು ಮೌಲ್ಯಮಾಪನ ಮಾಡಿಸಲಿ? ಮತ್ತೆ ಅಂತಿಮವಾಗಿ ಅರ್ಹತೆ ತೀರ್ಮಾನಿಸುವವರು ತರಗತಿಯ ಶಿಕ್ಷಕರೊಬ್ಬರೇ ಆಗಬಹುದಾ?

ಉತ್ತರ 2 (ಇತಿಹಾಸ ಮೇಷ್ಟ್ರು)

ಒಬ್ಬರೇ ಬೇಡ. ನ್ಯೂಯಾರ್ಕ್ ರಾಜ್ಯದ ಪದ್ಧತಿಯಲ್ಲಿ ಶಾಲೆಯಲ್ಲೇ ಒಂದು ಸಮಿತಿ ಇರುತ್ತದೆ. ಅಲ್ಲಿ ಒಟ್ಟು 6 ಪಾಯಿಂಟ್ ಬೇಕು. ಅದರಲ್ಲಿ ಕನಿಷ್ಠ 2 ತಿಳಿವಳಿಕೆಗೆ, ಕನಿಷ್ಠ 2 ಭಾಗವಹಿಸುವಿಕೆಗೆ. ಅಂದರೆ ಬರೀ ಪರೀಕ್ಷೆ ಬರೆದೋ, ಬರೀ ಓಡಾಡಿಯೋ ಮುದ್ರೆ ಸಿಗುವುದಿಲ್ಲ. ನಿಮ್ಮ ಸಮಿತಿಯಲ್ಲಿ ಬೇರೆ ಬೇರೆ ವಿಷಯದವರ ಜೊತೆ ಕಚೇರಿ ಸಿಬ್ಬಂದಿಯ ಒಬ್ಬರೂ ಇರಲಿ. ದಾಖಲೆ ಇಡುವವರು, ಅಂಕಪಟ್ಟಿಗೆ ಮುದ್ರೆ ಹಾಕುವವರು ಅವರೇ. ಮಗು ಶಾಲೆ ಬದಲಾಯಿಸಿದರೆ ಅರ್ಧಕ್ಕೆ ನಿಂತ ಯೋಜನೆಯ ಕಾಗದ ಎಲ್ಲಿ ಹೋಗಬೇಕು ಅನ್ನುವುದು ಅವರಿಗೆ ಮೊದಲೇ ಗೊತ್ತಿರಬೇಕು.

ಮಕ್ಕಳ ಬರಹ ಇಲ್ಲದಿದ್ದರೆ ಸಿಬ್ಬಂದಿಯೇ ಬರೆಯಲಿ. ತರಬೇತಿಗೆ ಮುಂಚೆ ಪ್ರತಿಯೊಬ್ಬರೂ ತಮಗೆ ಕಾಡುವ ಒಂದು ಸಾರ್ವಜನಿಕ ಸಮಸ್ಯೆ ಆರಿಸಿಕೊಂಡು, ಅದಕ್ಕೆ ಹೊಣೆ ಯಾರು ಅಂತ ಹುಡುಕಿ, ಅವರಿಗೆ ಒಂದು ಪತ್ರವನ್ನೋ ಕರೆಯನ್ನೋ ಮಾಡಿ, ಅನುಭವ ಒಂದು ಪುಟ ಬರೆದು ತರಬೇಕು ಅಂತ ಹೇಳಿ. ಹೆಸರು ಅಳಿಸಿ, ಅದಲು ಬದಲು ಮಾಡಿ ಅಂಕ ಹಾಕಿಸಿ. ಯಾವ ಕಚೇರಿಗೆ ಹೋಗಬೇಕು ಅಂತಲೇ ಗೊತ್ತಾಗದೆ ಅರ್ಧಕ್ಕೆ ಬಿಟ್ಟವರು ಖಂಡಿತ ಇರುತ್ತಾರೆ. ಅವರ ಪುಟವನ್ನೂ ತೆಗೆದುಕೊಳ್ಳಿ, ಎಲ್ಲಿ ನಿಂತಿತು ಅಂತ ಬರೆಸಿ. ಮಕ್ಕಳು ನಿಲ್ಲುವುದೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ, ಆಗ ಎಷ್ಟು ಸಹಾಯ ಮಾಡಬೇಕು, ಎಲ್ಲಿ ಕೈ ಬಿಡಬೇಕು ಅಂತ ಶಿಕ್ಷಕರಿಗೆ ಅಂದಾಜು ಸಿಗುತ್ತದೆ. ತಿಂಗಳ ಒಂದು ಗಂಟೆಯನ್ನು ಇದಕ್ಕೇ ಇಟ್ಟುಕೊಳ್ಳಿ: ಪ್ರತಿ ಸಲ ಒಂದೇ ಒಂದು ಬರಹ, ಎಲ್ಲರೂ ಓದಿ, ಎಲ್ಲರೂ ಅಂಕ ಹಾಕಿ, ವ್ಯತ್ಯಾಸ ಜಾಸ್ತಿ ಬಂದ ಕಡೆ ನಿಂತು ಮಾತಾಡಿ.