‘ಬೆಳ್ಳಿಮೋಡ’ಕ್ಕೆ ಬಣ್ಣ ಬೇಕಾ?

ಸಾಧನಕೇರಿಯವಳು: ನಿನ್ನೆ ಮನೆಮಂದಿಯೆಲ್ಲ ಕೂತು ‘ಬೆಳ್ಳಿಮೋಡ’ ನೋಡಿದೆವು. ಹಳೇ ಸಿಡಿ, ಅಪ್ಪ ಜೋಪಾನ ಮಾಡಿಟ್ಟಿದ್ದು. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಸಿನಿಮಾ, 1967ರದು, ತ್ರಿವೇಣಿಯವರ ಕಾದಂಬರಿ. ಆದರೆ ಪ್ರಿಂಟ್ ನೋಡಿ ಹೊಟ್ಟೆ ಉರಿಯಿತು. ‘ಮೂಡಲ ಮನೆಯ’ ಹಾಡು ಬಂದಾಗ ಬೆಟ್ಟ ಯಾವುದು, ಮಂಜು ಯಾವುದು, ಆಕಾಶ ಯಾವುದು ಒಂದೂ ತಿಳಿಯಲಿಲ್ಲ, ಎಲ್ಲಾ ಹಾಲು ಚೆಲ್ಲಿದ ಹಾಗೆ. ಕಲ್ಪನಾ ಮುಖವೂ ಅಗಲಕ್ಕೆ ಎಳೆದ ಹಾಗಿತ್ತು. ಬೇಂದ್ರೆ ಅಜ್ಜನ ಮನೆ ಇರುವ ಓಣಿಯ ಕಡೆ ಬೆಳೆದವಳು ನಾನು, ಅವರ ಹಾಡನ್ನು ಹೀಗೆ ನೋಡೋಕೆ ಆಗಲ್ಲ. ಇಂಥಾ ಪ್ರಿಂಟ್ ಮಾರುವ ಬದಲು ಸುಮ್ನೆ ಇರಬಹುದಿತ್ತು ಅಲ್ವಾ?

ದುರ್ಗದಬೈಲ್ ಹುಬ್ಬಳ್ಳಿ: ಹಾಗನ್ನಬೇಡ್ರಿ ಅಕ್ಕಾರ. ಆ ಸಿಡಿ ಇಲ್ಲದಿದ್ದರೆ ನಾನು ಈ ಸಿನಿಮಾ ನೋಡುತ್ತಲೇ ಇರಲಿಲ್ಲ. ಥಿಯೇಟರಿಗೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ನನ್ನ ಕೇಳಿದರೆ ಇದಕ್ಕೂ ಬಣ್ಣ ಹಾಕಬೇಕು. ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಾಕಿ 2014ರಲ್ಲಿ ಮತ್ತೆ ಬಿಟ್ಟಾಗ ನನ್ನ ಇಬ್ಬರೂ ಮಕ್ಕಳು ಕೂತ ಜಾಗ ಬಿಡದೆ ಪೂರ್ತಿ ನೋಡಿದರು. ಕಪ್ಪುಬಿಳುಪು ಅಂದರೆ ಚಾನೆಲ್ ಬದಲಿಸುವ ಹುಡುಗರು ಅವರು. ಮೇಲಾಗಿ ‘ಮೂಡಲ ಮನೆಯ’ ಬೆಳಗಿನ ಹಾಡು. ಬೆಳಗು ಅಂದ ಮೇಲೆ ಬಣ್ಣ ಬೇಡವಾ?

ಗದಗಿನ ಮಾಸ್ತರ: ಬೇಡ. ಆ ಪದ್ಯವನ್ನೇ ಓದಿ ನೋಡ್ರಿ. ಹೆಸರು ‘ಬೆಳಗು’, 1932ರ ‘ಗರಿ’ ಸಂಕಲನದ್ದು. ಬೇಂದ್ರೆಯವರು ಅಲ್ಲಿ ಕೆಂಪು ಸೂರ್ಯನಿಂದ ಶುರು ಮಾಡಲಿಲ್ಲ. ಮುತ್ತಿನ ನೀರು ಅಂದರು, ಎರಕ ಅಂದರು. ಮುತ್ತಿಗೆ ಯಾವ ಬಣ್ಣ? ಬಿಳಿ, ಅದರೊಳಗೊಂದು ಬೂದು, ಅಂಚಿನಲ್ಲಿ ಹೊಳಪು. ಕಪ್ಪುಬಿಳುಪು ಫಿಲ್ಮಿನಲ್ಲಿ ಇರೋದೂ ಅದೇ ಅಲ್ವಾ? ಅದಕ್ಕೇ ವಿಜಯಭಾಸ್ಕರ್ ಸಂಗೀತದಲ್ಲಿ ಎಸ್. ಜಾನಕಿ ಹಾಡೋದು ಕೇಳಿದಾಗ ಈ ಚಿತ್ರಕ್ಕೆ ಏನೋ ಕಡಿಮೆ ಇದೆ ಅಂತ ನನಗೆ ಒಂದು ಸಲವೂ ಅನಿಸಿಲ್ಲ. ಈಗ ಹಸಿರು ಬಳಿದರೆ ಅದು ಯಾರೋ ಕಂಪ್ಯೂಟರ್ ಮುಂದೆ ಕೂತು ಊಹಿಸಿದ ಹಸಿರು. ಕ್ಯಾಮರಾದವರು ನೆರಳು-ಬೆಳಕಿನ ಲೆಕ್ಕ ಹಾಕಿ ತೆಗೆದದ್ದನ್ನು ಅದು ಮುಚ್ಚಿಬಿಡುತ್ತದೆ. ಬೇಕಿರೋದು ಒಳ್ಳೆ ನೆಗೆಟಿವ್ ಹುಡುಕಿ ಹೊಸದಾಗಿ ಸ್ಕ್ಯಾನ್ ಮಾಡಿ, ಗೀರು ತೆಗೆದು, ಧ್ವನಿ ತಿದ್ದಿದ ಪ್ರಿಂಟ್. ಅದನ್ನೂ ಜಾಸ್ತಿ ಉಜ್ಜಬಾರದು. ಫಿಲ್ಮಿನಲ್ಲಿ ಕಾಣುವ ಸಣ್ಣ ಸಣ್ಣ ಕಾಳು ಬೆಳ್ಳಿಯದು, ಚಿತ್ರ ಮೂಡಿರೋದೇ ಅದರಿಂದ. ಅದನ್ನು ಕೊಳೆ ಅಂತ ಅಳಿಸಿದರೆ ಮುಖಗಳು ಮೇಣದ ಗೊಂಬೆ ಆಗುತ್ತವೆ.

ಮತ್ತೆ, ಮುಖ ಅಗಲ ಆಗಿದ್ದಕ್ಕೆ ಸಿಡಿ ಕಾರಣ ಇರಲಿಕ್ಕಿಲ್ಲ ತಂಗಿ. ಹಳೇ ಚಿತ್ರದ ಅಳತೆ 4:3, ಈಗಿನ ಟಿವಿ 16:9. ರಿಮೋಟಿನಲ್ಲಿ ಅಳತೆ ಬದಲಿಸಿ ನೋಡು.

ಹಾವೇರಿ ಏಲಕ್ಕಿ: ನೀವೆಲ್ಲ ಪ್ರಿಂಟ್ ಪ್ರಿಂಟ್ ಅಂತೀರಿ. ನಾನು ಬಸ್ಸಿನಲ್ಲಿ ಕೂತು ಫೋನಿನಲ್ಲಿ ನೋಡಿ ಅತ್ತಿದ್ದೇನೆ. ಕಲ್ಪನಾ ಮಾಡಿದ ಇಂದಿರಾಗೆ ತಮ್ಮ ಹುಟ್ಟಿದ, ಇನ್ನು ಆಸ್ತಿ ಇವಳೊಬ್ಬಳದೇ ಅಲ್ಲ ಅಂತ ಗೊತ್ತಾದ ಕೂಡಲೇ ಅವಳನ್ನು ಮದುವೆಯಾಗಬೇಕಿದ್ದ ಮೋಹನ ಹಿಂದೆ ಸರಿಯುತ್ತಾನೆ. ಆಮೇಲೆ ಪೆಟ್ಟು ತಿಂದು, ಅವಳ ಕೈಯಲ್ಲೇ ಆರೈಕೆ ಮಾಡಿಸಿಕೊಂಡು, ಮನಸ್ಸು ಬದಲಾಗಿ ಬಂದಾಗ ಅವಳು ಒಲ್ಲೆ ಅನ್ನುತ್ತಾಳೆ. ಆ ಒಂದು ಮಾತಿಗೆ ಬಣ್ಣ ಯಾಕೆ, ಸ್ಕ್ಯಾನ್ ಯಾಕೆ?

ದುರ್ಗದಬೈಲ್ ಹುಬ್ಬಳ್ಳಿ: ಅವಳು ಒಪ್ಪಬೇಕಿತ್ತು ಅಂತ ನಮ್ಮ ಅವ್ವ ಇವತ್ತಿಗೂ ವಾದ ಮಾಡುತ್ತಾಳೆ. ತಪ್ಪು ತಿದ್ದಿಕೊಂಡು ಬಂದಿದ್ದನಲ್ಲ?

ಹಾವೇರಿ ಏಲಕ್ಕಿ: ತಿದ್ದಿಕೊಂಡಿರಬಹುದು ಅಣ್ಣಾ, ಆದರೆ ಅವಳ ಮನಸ್ಸು ಅಷ್ಟರಲ್ಲಿ ಒಡೆದಿತ್ತು. ಒಳ್ಳೆಯವನಾದ ಅಂದ ಮಾತ್ರಕ್ಕೆ ಅವಳು ಅವನಿಗೆ ಬಹುಮಾನ ಆಗಬೇಕಾ? 1967ರಲ್ಲಿ ಒಬ್ಬ ಹೆಣ್ಣುಮಗಳು ತೆರೆ ಮೇಲೆ ಹಾಗೆ ಹೇಳಿದ್ದು ಸಣ್ಣ ಮಾತಲ್ಲ.

ಗದಗಿನ ಮಾಸ್ತರ: ಒಪ್ಪಿದೆ. ಆದರೆ ಅದನ್ನು ಹೇಳುವಾಗ ಅವಳ ಕಣ್ಣು ನಮಗೆ ಕಾಣಬೇಕಲ್ಲ. ನಾನು ಒಳ್ಳೆ ಪ್ರಿಂಟ್ ಕೇಳೋದು ಅದಕ್ಕೇ.

ಸಾಧನಕೇರಿಯವಳು: ಮಾಸ್ತರ, ನೀವು ಹೇಳಿದ ಹಾಗೆ 4:3 ಹಾಕಿದೆ. ಮುಖ ಸರಿಯಾಯಿತು, ಅಪ್ಪನಿಗೆ ಖುಷಿಯೋ ಖುಷಿ. ಮಂಜು ಮಾತ್ರ ಇನ್ನೂ ಹಾಲಿನ ಹಾಗೇ ಇದೆ.