ಮಾಲ್ಟಾದ ‘ಕೋರಲೈನ್’ ಸುಣ್ಣಕಲ್ಲಿಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಮಾಲ್ಟಾದ ಕಲ್ಲುಮಣ್ಣಿನ ಬಗ್ಗೆ ಹೈಸ್ಕೂಲು ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ. ಕೆಲವು ಪದಗಳು ಬಗೆಹರಿಯುತ್ತಿಲ್ಲ.

ದೇಶ ಚಿಕ್ಕದು, ಒಟ್ಟು 316 ಚದರ ಕಿಲೋಮೀಟರ್. ಅಲ್ಲಿ ಕಾಣುವ ಕಲ್ಲೆಲ್ಲ ಸಮುದ್ರದ ತಳದಲ್ಲಿ ಕೂತು ಗಟ್ಟಿಯಾದದ್ದು. ಕೆಳಗಿನಿಂದ ಹೇಳಿದರೆ ಕೆಳ ಕೋರಲೈನ್ ಸುಣ್ಣಕಲ್ಲು, ಗ್ಲೋಬಿಜೆರಿನಾ ಸುಣ್ಣಕಲ್ಲು, ನೀಲಿ ಜೇಡಿ, ತೆಳ್ಳಗೆ ಹಸಿರು ಮರಳು, ತುದಿಯಲ್ಲಿ ಮೇಲಿನ ಕೋರಲೈನ್.

ನನ್ನ ಮುಖ್ಯ ತಕರಾರು ಈ ಕೋರಲೈನ್ ಬಗ್ಗೆಯೇ. ‘ಹವಳದ ಸುಣ್ಣಕಲ್ಲು’ ಅಂತ ಸುಮ್ನೆ ಬರೆದುಬಿಡಬಹುದು, ಆದರೆ ಆ ಕಲ್ಲಿಗೆ ಹೆಸರು ಬಂದದ್ದು ಹವಳದಿಂದಲ್ಲ, ಮೈಯಲ್ಲಿ ಸುಣ್ಣ ತುಂಬಿಕೊಂಡು ಬೆಳೆಯುವ ಒಂದು ಬಗೆಯ ಕೆಂಪು ಪಾಚಿಯಿಂದ. ಹವಳ ಎಂದರೆ ಮಕ್ಕಳ ಕಣ್ಣ ಮುಂದೆ ಲಕ್ಷದ್ವೀಪವೇ ಬರುತ್ತದೆ, ಅಲ್ವಾ? ‘ಸುಣ್ಣಪಾಚಿ ಕಲ್ಲು’ ಅಂದರೆ ನಡೆದೀತೇ? ಮಾಲ್ಟಾದ ಗೋಝೋ ದ್ವೀಪದ ಕಡಲಂಚಿನಲ್ಲಿ ಕಿಟಕಿಯ ಹಾಗೆ ನಿಂತಿದ್ದು, 2017ರ ಮಾರ್ಚ್ 8ರ ಬಿರುಗಾಳಿಗೆ ಕುಸಿದುಬಿದ್ದ ಆ ಹೆಸರಾಂತ ಕಮಾನು ಈ ಕೆಳ ಕೋರಲೈನಿನದೇ.

ಗ್ಲೋಬಿಜೆರಿನಾ ಅನ್ನೋದು ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಜೀವಿಯ ಹೆಸರು. ಅದನ್ನು ಕನ್ನಡಿಸುವ ಗೋಜು ಬೇಡ ಅಂತ ನನ್ನ ಅನಿಸಿಕೆ. ಊರಿನವರು ಮನೆ ಕಟ್ಟಲು ಬಳಸುವ ಈ ಜೇನುಬಣ್ಣದ ಕಲ್ಲನ್ನು ‘ಫ್ರಾಂಕಾ’ ಎನ್ನುತ್ತಾರೆ, ಬೇಗ ಪುಡಿಯಾಗುವ ಕಳಪೆ ಜಾತಿಗೆ ‘ಸೊಲ್’. ನಮ್ಮ ಕರಾವಳಿಯ ಮುರಕಲ್ಲಿನ ಹಾಗೆ ಇದೂ ತೆಗೆಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಮೇಲ್ಮೈ ಬಿರುಸು. ಆದರೂ ಮಳೆ, ಕಡಲಗಾಳಿಗೆ ಸವೆಯುತ್ತದೆ. ಹಜರ್ ಈಮ್‌ನ ಐದು ಸಾವಿರ ವರ್ಷ ಹಳೆಯ ಗುಡಿ ಪೂರ್ತಿ ಈ ಕಲ್ಲಿನದು, 2009ರಲ್ಲಿ ಅದರ ಮೇಲೆ ದೊಡ್ಡ ಡೇರೆ ಹಾಕಬೇಕಾಯಿತು. ಊರಿನವರದೇ ಹೆಸರು ಇದೆಯಲ್ಲ, ಮನೆ ಕಟ್ಟುವ ಈ ಕಲ್ಲನ್ನು ಫ್ರಾಂಕಾ ಅಂತಲೇ ಬಿಡೋಣವೇ?

ನೀಲಿ ಜೇಡಿ ನೋಡಲು ನೀಲಿಗಿಂತ ಬೂದು ಜಾಸ್ತಿ. ಅದೇನೇ ಇರಲಿ, ಮಾಲ್ಟಾದ ರೈತನಿಗೆ ಬೇಕಾದ ಪದರ ಇದು. ಮಳೆನೀರು ಮೇಲಿನ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಜೇಡಿ ಸಿಕ್ಕೊಡನೆ ನಿಲ್ಲುತ್ತದೆ, ಕೆಳಗೆ ದಾರಿಯಿಲ್ಲದೆ ಬದಿಗೆ ಹರಿದು ಗುಡ್ಡದ ಪಕ್ಕದಲ್ಲಿ ಒರತೆಯಾಗಿ ಹೊರಬರುತ್ತದೆ. ಜೇಡಿ ನೆನೆದು ಜಾರಿದಾಗ ತಲೆಯ ಮೇಲಿನ ಕಲ್ಲು ಆಸರೆ ತಪ್ಪಿ ಮುರಿದು, ಇಳಿಜಾರಿನ ತುಂಬ ಮನೆಯಷ್ಟು ಬಂಡೆಗಳು ಚೆಲ್ಲಿಕೊಳ್ಳುತ್ತವೆ. ಈ ‘ಒರತೆ’ ಬಯಲುಸೀಮೆಯವರಿಗೂ ತಿಳಿಯುತ್ತದೆಯೇ, ಇಲ್ಲಾ ‘ಊಟೆ’ ಅನ್ನಬೇಕೇ?

ಕೊನೆಯದು, ‘ಫಾರ್ಮೇಶನ್’, ಅಂದರೆ ಮೊದಲಿಗೆ ಹೇಳಿದ ಆ ಐದರಲ್ಲಿ ಒಂದೊಂದು. ‘ರಚನೆ’ ಅಂದರೆ ಯಾರೋ ಕಟ್ಟಿದ ಹಾಗೆ ಕೇಳುತ್ತದೆ. ‘ಪದರ’ ಒಪ್ಪಬಹುದು, ಆದರೆ ಒಂದು ಫಾರ್ಮೇಶನ್ನಿನ ಒಳಗೇ ಹತ್ತಾರು ಪದರ ಇರುತ್ತವಲ್ಲ! ಗಾರೆಯವರು ಗೋಡೆಯ ಕಲ್ಲುಸಾಲಿಗೆ ‘ವರಸೆ’ ಅನ್ನುತ್ತಾರೆ, ಒಳಗಿನ ಸಣ್ಣ ಪದರಕ್ಕೆ ಅದನ್ನಿಟ್ಟು ದೊಡ್ಡದಕ್ಕೆ ‘ಪದರ’ ಉಳಿಸಿಕೊಳ್ಳೋಣ ಅಂತಿದ್ದೇನೆ. ಭೂವಿಜ್ಞಾನ ಕನ್ನಡದಲ್ಲಿ ಪಾಠ ಮಾಡಿದವರು ಇದ್ದರೆ, ತರಗತಿಯಲ್ಲಿ ಏನು ಹೇಳುತ್ತಿದ್ದಿರಿ?